ಕೆಂಪು ಪೆಟ್ಟಿಗೆಯೋ ನೀಲಿ ಪೆಟ್ಟಿಗೆಯೋ

ನಮ್ಮ ಓಣಿಯ ಆ-ಫಾ ಯಾವುದನ್ನೂ ಸುಮ್ಮನೆ ಕೊಳ್ಳುವ ಮನುಷ್ಯನಲ್ಲ. ಹಿಂದೊಮ್ಮೆ ಅವನ ಮನೆಯ ಅನ್ನದ ಕುಕ್ಕರ್ ಕೆಟ್ಟಾಗ ಚಿಯಾಯಿ ಊರಿನ ಅಂಗಡಿಗಳನ್ನೆಲ್ಲ ಸುತ್ತಿದ. ಯಾವ ಕುಕ್ಕರಿನ ತಳ ಎಷ್ಟು ದಪ್ಪ, ಯಾವುದರ ಮುಚ್ಚಳ ಎಷ್ಟು ಭಾರ ಎಂದು ಅಳೆದು ಸುರಿದು, ಕೊನೆಗೆ ಒಂದನ್ನು ಆರಿಸಿಕೊಂಡು ಹೋಗುವ ಹೊತ್ತಿಗೆ ಕಂಪನಿ ಆ ಮಾದರಿಯನ್ನು ಮಾಡುವುದನ್ನೇ ನಿಲ್ಲಿಸಿತ್ತು. ಅಷ್ಟು ದಿನವೂ ಅವನ ಹೆಂಡತಿ ಲೀ-ಶ್ಯಾ ಹೆಂಗಸರ ಕೂದಲು ತೊಳೆದು ಕತ್ತರಿಸುವ ನನ್ನ ಅಂಗಡಿಯ ಹಿಂದಿನ ಒಲೆಯಲ್ಲಿ ಅನ್ನ ಮಾಡಿಕೊಂಡು ಹೋಗುತ್ತಿದ್ದಳು. "ನೋಡಿದ್ರಾ ಮಿನ್ ಅಕ್ಕ, ಅವಸರ ಮಾಡಿದ್ರೆ ನಿಂತುಹೋದ ಮಾಲು ತಗೊಂಡಿರ್ತಿದ್ವಿ" ಎಂದು ಆ-ಫಾ ಗೆದ್ದವನ ಹಾಗೆ ಹೇಳಿದ.

ಇಂಥವನ ಕೆಲಸ ಹೋಯಿತು. ಪ್ಲಾಸ್ಟಿಕ್ ಚಪ್ಪಲಿ ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಇದ್ದವನು. ಕಾರ್ಖಾನೆ ಬಾಗಿಲು ಹಾಕಿದ ದಿನ ಉಳಿದವರು ಫ್ಯಾನು, ಕುರ್ಚಿ ಎಂದು ಕೈಗೆ ಸಿಕ್ಕಿದ್ದು ಹೊತ್ತುಕೊಂಡು ಹೋದರು. ಯಾವುದು ಒಳ್ಳೆಯದು ಎಂದು ಇವನು ಮೀನ ಮೇಷ ಎಣಿಸುವಷ್ಟರಲ್ಲಿ ಉಳಿದದ್ದು ಒಂದು ಮಾತಾಡುವ ಕ್ಯಾಲ್ಕುಲೇಟರ್. ಗುಂಡಿ ಒತ್ತಿದರೆ ಒಳಗಿನಿಂದ ಒಬ್ಬ ಹೆಂಗಸು ಗಟ್ಟಿಯಾಗಿ ಅಂಕಿ ಹೇಳುತ್ತಾಳೆ. ಅಳಿಸಿದರೆ "ಸೊನ್ನೆಗೆ ಬಂತು" ಎನ್ನುತ್ತಾಳೆ. ಸದ್ದು ಕಡಿಮೆ ಮಾಡುವ ಗುಂಡಿ ಹಾಳಾಗಿತ್ತು. ಆ-ಫಾ ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ. ಓಣಿಯ ತುದಿಯಲ್ಲಿ ಯಾರೋ ಹೆಂಗಸು ಅಂಕಿ ಕೂಗಿದರೆ ಆ-ಫಾ ತರಕಾರಿ ತಂದ ಎಂದು ನಮಗೆ ತಿಳಿಯುತ್ತಿತ್ತು.

ಕೆಲಸ ಹೋದವನಿಗೆ ಕೆಲಸ ಕೊಡಲು ಒಬ್ಬರು ತಯಾರಾಗಿಯೇ ಇದ್ದರು. ಲೀ-ಶ್ಯಾಳ ಅಣ್ಣ ಕುನ್-ಶೆಂಗ್, ಸಮುದ್ರದ ಕಡೆ ಹೆಬ್ಬಾತು ಸಾಕುವವರು. "ಚಂದ್ರನ ಹಬ್ಬಕ್ಕೆ ಬರ್ತೀನಿ. ಅಷ್ಟೊತ್ತಿಗೆ ನಿನ್ ಗಂಡ ಏನಾದ್ರೂ ಹಿಡ್ಕೊಂಡಿದ್ರೆ ಸರಿ. ಇಲ್ದಿದ್ರೆ ಪಿಕಪ್ಪಲ್ಲಿ ಹಾಕ್ಕೊಂಡು ಹೋಗ್ತೀನಿ. ತಗಡಿನ ಮನೆ ಇದೆ, ಅಲ್ಲೇ ಮಲಗ್ಲಿ, ಹೆಬ್ಬಾತು ನೋಡ್ಕೊಳ್ಲಿ" ಎಂದು ಫೋನಿನಲ್ಲಿ ಹೇಳಿದ್ದರು.

ಈಗ ಒಂದು ವಿಷಯ ಹೇಳಲೇಬೇಕು. ಆ-ಫಾನಿಗೆ ಹೆಬ್ಬಾತು ಎಂದರೆ ಪ್ರಾಣಭಯ. ಚಿಕ್ಕಂದಿನಲ್ಲಿ ಒಂದು ಹೆಬ್ಬಾತು ಅವನನ್ನು ಗದ್ದೆಯ ಬದುವಿನ ಮೇಲೆ ಅಟ್ಟಿಸಿಕೊಂಡು ಬಂದು ಮೊಣಕಾಲ ಹಿಂದೆ ಕಚ್ಚಿತ್ತು. ಇವತ್ತಿಗೂ ಮದುವೆ ಊಟದಲ್ಲಿ ಹೊಗೆಯಾಡಿಸಿದ ಹೆಬ್ಬಾತಿನ ತಟ್ಟೆ ಬಂದರೆ ಅವನು ಕಾಲು ಮೇಲೆತ್ತಿಕೊಳ್ಳುತ್ತಾನೆ.

ಲೀ-ಶ್ಯಾ ನನ್ನ ಅಂಗಡಿಗೆ ಬಂದು ಕೂತಳು. ತಲೆ ತೊಳೆಸಿಕೊಳ್ಳಲು ಬಂದವಳು, ನಾನು ಶಾಂಪೂ ಹಾಕುವ ಮೊದಲೇ ಅವಳ ಕಣ್ಣು ಕೆಂಪಾಗಿತ್ತು.

"ಅಕ್ಕ, ಬಾಡಿಗೆ ಕಟ್ಬೇಕು, ಮಗನ ಕಾಲೇಜಿದೆ. ಅಣ್ಣ ಹೇಳೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಇವರು ಅಲ್ಲಿಗೆ ಹೋದ್ರೆ ಮನೇಲಿ ನಾನು ಯಾರ ಜೊತೆ ಜಗಳ ಆಡ್ಲಿ? ನೊರೆ ಹಾಕಿ, ಕಣ್ಣಿಗೆ ಹೋಯ್ತು ಅಂತಾದ್ರೂ ಹೇಳ್ಕೋಬಹುದು."

"ಊಟ ತಲುಪಿಸೋ ಕೆಲಸಕ್ಕೆ ಸೇರ್ಕೋ ಅನ್ನು. ಸ್ಕೂಟರ್ ಇದೆ, ಫೋನ್ ಇದೆ. ಇನ್ನೇನ್ ಬೇಕು?"

"ಅದನ್ನೇ ಹೇಳ್ದೆ. ಒಪ್ಕೊಂಡ್ರು. ಆದ್ರೆ ನಮ್ಮೂರಲ್ಲಿ ಎರಡು ಕಂಪನಿ ಇದೆಯಲ್ಲ ಅಕ್ಕ. ಕೆಂಪು ಪೆಟ್ಟಿಗೆಯವರು, ನೀಲಿ ಪೆಟ್ಟಿಗೆಯವರು. ಯಾವುದ್ರಲ್ಲಿ ಜಾಸ್ತಿ ಸಿಗುತ್ತೆ ಅಂತ ವಿಚಾರಿಸಿ ಆಮೇಲೆ ಸೇರ್ತಾರಂತೆ."

ನನಗೆ ಕುಕ್ಕರ್ ನೆನಪಾಯಿತು. ಅವಳಿಗೂ ಅದೇ ನೆನಪಾಗಿರಬೇಕು. ಇಬ್ಬರೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡೆವು.

ವಿಚಾರಣೆಗೆ ಆ-ಫಾ ಹೊರಟದ್ದು ರೈಲ್ವೆ ಸ್ಟೇಷನ್ನಿನ ಹಿಂಬದಿಗೆ. ಅಲ್ಲಿ ಯೂ-ಚೂ ಎಂಬಾಕೆಯ ಟರ್ಕಿ ಕೋಳಿ ಅನ್ನದ ಅಂಗಡಿ ಇದೆ. ಪೆಟ್ಟಿಗೆಯವರೆಲ್ಲ ಆರ್ಡರಿಗಾಗಿ ಕಾಯುವುದು ಅದರ ಮುಂದಿನ ನೆರಳಿನಲ್ಲಿ. ಆ ಕಡೆಯವರಿಗೆ ಆ-ಫಾ ಯಾರೆಂದು ಗೊತ್ತಿರಲಿಲ್ಲ. ಕೆಲಸದ ವಿಷಯವಲ್ಲವೇ ಎಂದು ಇವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ, ಕೊರಳಿಗೆ ಕ್ಯಾಲ್ಕುಲೇಟರ್ ಇಳಿಬಿಟ್ಟುಕೊಂಡು ಹೋದ. ಒಂದು ಬಟ್ಟಲು ಅನ್ನ ತಿಂದ. ತಿಂದವನು ಸುಮ್ಮನೆ ಎದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಬಿಲ್ಲು ಕೊಡಿ" ಎಂದ.

ನಮ್ಮಲ್ಲಿ ಬಿಲ್ಲಿನ ಮೇಲಿನ ನಂಬರಿಗೆ ಸರ್ಕಾರ ಲಾಟರಿ ಎತ್ತುತ್ತದೆ. ಅದಕ್ಕೇ ಎಲ್ಲರ ಮನೆಯಲ್ಲೂ ಬಿಲ್ಲು ತುಂಬಿದ ಒಂದು ಡಬ್ಬ ಇರುತ್ತದೆ. ಆ-ಫಾ ಕೇಳಿದ್ದು ಆ ಆಸೆಯಿಂದ. ಆದರೆ ಬೀದಿಬದಿಯ ಅನ್ನದಂಗಡಿಯಲ್ಲಿ ಯಾರೂ ಬಿಲ್ಲು ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಕೇಳುವವನು ಒಬ್ಬನೇ, ತೆರಿಗೆ ಕಚೇರಿಯವನು. ಯೂ-ಚೂಳ ಸೌಟು ಗಾಳಿಯಲ್ಲೇ ನಿಂತಿತು.

ಅದೇ ಹೊತ್ತಿಗೆ ಯೆನ್-ತಿಂಗ್ ಎಂಬ ಕೆಂಪು ಪೆಟ್ಟಿಗೆಯವನು ಯೂ-ಚೂಳ ಮಗಳ ಹತ್ತಿರ ನಿಂತು, ತಾನು ಮಳೆ ಬಂದ ದಿನ ಎಷ್ಟು ಬಾಚುತ್ತೇನೆ ಎಂದು ಬಣ್ಣಿಸುತ್ತಿದ್ದ. ಮೂವತ್ತು ದಾಟಿದವನು, ಮದುವೆ ಆಗಬೇಕಿತ್ತು. ಆ-ಫಾ ಅವನ ಕಡೆ ತಿರುಗಿದ.

"ನಿಮ್ ಸಂಪಾದನೆ ಬಗ್ಗೆ ಸ್ವಲ್ಪ ಮಾಹಿತಿ ಬೇಕಿತ್ತು. ಕೆಂಪಿನವರು ಈ ಕಡೆ ಹೇಳಿ, ನೀಲಿಯವರು ಆ ಕಡೆ. ಮುಚ್ಚುಮರೆ ಬೇಡ, ನನಗೆ ನಿಜ ಬೇಕು" ಎಂದು ಕ್ಯಾಲ್ಕುಲೇಟರ್ ಒತ್ತಿದ. "ಸೊನ್ನೆಗೆ ಬಂತು" ಎಂದಳು ಒಳಗಿನ ಹೆಂಗಸು.

ಯೆನ್-ತಿಂಗನ ಮುಖ ಇಳಿಯಿತು. "ಸಂಪಾದನೆ ಅಂದ್ರೆ ಏನ್ ಸಾರ್. ಪೆಟ್ರೋಲಿಗೂ ಸಾಲಲ್ಲ. ಅಮ್ಮ ಕೊಡ್ತಾರೆ ಪೆಟ್ರೋಲಿಗೆ."

"ಈಗ ತಾನೆ ದಿನಕ್ಕೆ ಮೂರು ಸಾವಿರ ಯುವಾನ್ ಅಂದೆ?" ಎಂದಳು ಯೂ-ಚೂಳ ಮಗಳು.

"ಅದು ಬೇರೆಯವರ ವಿಷಯ."

ನೀಲಿ ಪೆಟ್ಟಿಗೆಯ ಹಿರಿಯ, ಹಿಂದೆ ಟ್ಯಾಕ್ಸಿ ಓಡಿಸುತ್ತಿದ್ದ ಪಿಂಗ್ ಅಣ್ಣ, ಬಾಯಿಂದ ಕಡ್ಡಿ ತೆಗೆದು, "ನಾನು ದುಡ್ಡಿಗೋಸ್ಕರ ಮಾಡ್ತಿಲ್ಲ ಸಾರ್. ಡಾಕ್ಟರು ಗಾಳಿ ತಗೋ ಅಂದಿದಾರೆ" ಎಂದ.

ಆ-ಫಾ ಅವರು ಹೇಳಿದ್ದನ್ನೆಲ್ಲ ಕೂಡಿಸಿ, ಪೆಟ್ರೋಲು ಕಳೆದು, ಮನೆಗೆ ಬಂದು ಹೆಂಡತಿಯ ಮುಂದೆ ಕೂತ. ಪಾಪ, ಆ ಜನ ಉಪವಾಸ ಬಿದ್ದಿದ್ದಾರೆ ಎಂದ. ಲೀ-ಶ್ಯಾ ಕ್ಯಾಲ್ಕುಲೇಟರ್ ಹೇಳಿದ್ದನ್ನು ಕೇಳಿ, ಅಟ್ಟದಿಂದ ಅವನ ರಬ್ಬರ್ ಬೂಟು ಇಳಿಸಿದಳು. ಹೆಬ್ಬಾತಿನ ಕೊಳದಲ್ಲಿ ಬೂಟು ಬೇಕಾಗುತ್ತದಲ್ಲ.

ಯೂ-ಚೂ ತಿಂಗಳಿಗೊಮ್ಮೆ ತಲೆ ತೊಳೆಸಿಕೊಳ್ಳಲು ಊರು ದಾಟಿ ನನ್ನ ಹತ್ತಿರವೇ ಬರುತ್ತಾಳೆ. ಈ ಸಲ ಬಂದವಳು ಕೂತದ್ದೇ ತಡ ಶುರುಮಾಡಿದಳು. ನಾನು ಕುರ್ಚಿಯಲ್ಲೇ ಕೂರಿಸಿ ನೊರೆ ಎಬ್ಬಿಸುತ್ತಿದ್ದೆ. ಕೂದಲು ನೊರೆಯಲ್ಲಿ ಗೋಪುರದ ಹಾಗೆ ನಿಂತಿತ್ತು.

"ತೆರಿಗೆಯವನು ಕಣಕ್ಕ. ಮೆತ್ತಗೆ ಮಾತಾಡ್ತಾನೆ, ಅದೇ ಭಯ. ಕ್ಯಾಲ್ಕುಲೇಟರಲ್ಲಿ ಹೆಂಗಸಿನ ಧ್ವನಿ ಇಟ್ಟಿದಾನೆ, ಯಾರಿಗೂ ಅನುಮಾನ ಬರಬಾರ್ದು ಅಂತ. ವ್ಯಾಪಾರ ಕಮ್ಮಿ ಅಂತ ಕಾಣ್ಲಿ ಅಂತ ಅರ್ಧದಷ್ಟು ಟೇಬಲ್ಲು ಒಳಗೆ ಹಾಕ್ಬಿಟ್ಟೆ. ಬಂದೋರು ನಿಂತ್ಕೊಂಡು ತಿಂತಿದಾರೆ."

"ಹೆಂಗಸಿನ ಧ್ವನಿಯಾ?" ಎಂದೆ. ನನ್ನ ಬೆರಳು ನಿಧಾನವಾಯಿತು.

ಆಗಲೇ ಬಾಗಿಲ ಮುಂದೆ ಆ-ಫಾ ಒಂದು ಕಟ್ಟು ಸೊಪ್ಪು ಹಿಡಿದುಕೊಂಡು ಹೋದ. ಕನ್ನಡಿಯಲ್ಲಿ ಅವನನ್ನು ಕಂಡ ಯೂ-ಚೂ ನೊರೆಯ ಗೋಪುರದ ಸಮೇತ ಕುರ್ಚಿಯಿಂದ ಜಾರಿ ಕೆಳಗೆ ಕೂತಳು.

"ಅವನೇ. ಬಾಗಿಲು ಹಾಕು."

"ಅವನು ನಮ್ಮ ಆ-ಫಾ ಕಣೆ. ಚಪ್ಪಲಿ ಕಾರ್ಖಾನೆಯವನು. ಕೆಲಸ ಇಲ್ಲ ಅವನಿಗೆ."

"ಹಂಗಂತ ಅವನೇ ಹೇಳಿದ್ದಾ?"

"ಹೂಂ."

ಯೂ-ಚೂ ನೆಲದ ಮೇಲಿಂದಲೇ ನನ್ನನ್ನು ಕರುಣೆಯಿಂದ ನೋಡಿದಳು. "ನಿಜವಾಗ್ಲೂ ಕೆಲಸ ಇಲ್ದಿರೋ ಗಂಡಸು ಯಾವನಾದ್ರೂ ಕೆಲಸ ಇಲ್ಲ ಅಂತಾನಾ ಮಿನ್ ಅಕ್ಕ? ಏನೋ ಸ್ವಂತದ್ದು ಮಾಡ್ತಿದೀನಿ ಅಂತಾನೆ."

ಪಕ್ಕದ ಕುರ್ಚಿಯಲ್ಲಿ ನಮ್ಮ ವಾರ್ಡಿನ ಮುಖ್ಯಸ್ಥ ಸು ಯಜಮಾನರ ಹೆಂಡತಿ ಕೂದಲಿಗೆ ಸುರುಳಿ ಹಾಕಿಸಿಕೊಂಡು ಕೂತಿದ್ದರು. ಅವರ ಕಿವಿ ನೆಟ್ಟಗಾದದ್ದು ನನಗೆ ಕಂಡಿತು. ಸುರುಳಿ ಬಿಚ್ಚುವ ಮೊದಲೇ ಎದ್ದು ಹೋದರು.

ನಾನಂತೂ ನಂಬಲಿಲ್ಲ. ಆದರೆ ಅವತ್ತು ಸಂಜೆ ನನ್ನ ಮೂರನೆಯ ಕುರ್ಚಿಯನ್ನು ಒಳಗೆ ಎಳೆದಿಟ್ಟೆ. ನಂಬಿಕೆ ಬೇರೆ, ಕುರ್ಚಿ ಬೇರೆ.

ಮರುದಿನದಿಂದ ಆ-ಫಾನ ಮನೆಯ ಮುಂದೆ ಚಕ್ಕೋತ ಹಣ್ಣು ಬೀಳತೊಡಗಿದವು. ಚಂದ್ರನ ಹಬ್ಬದ ಕಾಲ, ಚಕ್ಕೋತ ಕೊಡುವುದು ಪದ್ಧತಿಯೇ. ಆದರೆ ಅವನಿಗೆ ಯಾರೂ ಹಿಂದೆ ಕೊಟ್ಟವರಲ್ಲ. ಸೋಯಾ ಹಾಲಿನವನು ಒಂದು ಚೀಲ ಇಟ್ಟ. ಬೀಗ ಮಾಡುವವನು ಅದಕ್ಕಿಂತ ದೊಡ್ಡ ಚೀಲ ಇಟ್ಟ. ಕಸದ ಗಾಡಿ ಹಾಡು ಹಾಕಿಕೊಂಡು ಬಂದಾಗ ಓಣಿಯವರೆಲ್ಲ ಚೀಲ ಹಿಡಿದು ಓಡುತ್ತೇವಲ್ಲ, ಆಗ ಜನ ಪಕ್ಕಕ್ಕೆ ಸರಿದು ಆ-ಫಾನಿಗೆ ಮೊದಲು ಕಸ ಹಾಕಲು ದಾರಿ ಬಿಟ್ಟರು.

ಆ-ಫಾನ ಕಣ್ಣು ತುಂಬಿ ಬಂತು. "ನೋಡಿದ್ಯಾ ಲೀ-ಶ್ಯಾ, ಕೆಲಸ ಹೋದ ಮೇಲೆ ಜನ ಎಷ್ಟು ಮರುಗ್ತಾರೆ. ನಾನು ಹೆಬ್ಬಾತಿನ ಹತ್ರ ಹೋಗ್ತಿದೀನಿ ಅಂತ ಎಲ್ಲರಿಗೂ ಗೊತ್ತಾಗಿದೆ. ಇದು ಬೀಳ್ಕೊಡುಗೆ" ಎಂದ. ಲೀ-ಶ್ಯಾ ಚಕ್ಕೋತದ ರಾಶಿಯನ್ನು ನೋಡಿ ಇನ್ನಷ್ಟು ಅತ್ತಳು.

ಆಮೇಲೆ ಸು ಯಜಮಾನರೇ ಬಂದರು, ಬೆಟ್ಟದ ಚಹಾದ ಡಬ್ಬ ಹಿಡಿದುಕೊಂಡು. ನಾನು ಕಷ್ಟಪಟ್ಟು ಒಂದು ನೆಪ ಹುಡುಕಿ, ಮೊಂಡಾಗದ ಕತ್ತರಿಯನ್ನು ಆ-ಫಾನ ಮನೆಯ ಸಾಣೆಕಲ್ಲಿನಲ್ಲಿ ಹರಿತ ಮಾಡಲು ಹೋಗಿ ಕೂತಿದ್ದೆ.

"ಏನೋ ಹೋಲಿಸಿ ನೋಡ್ತಿದೀರಂತೆ" ಎಂದರು ಸು ಯಜಮಾನರು, ಗೋಡೆಗೆ ಹೇಳುವ ಹಾಗೆ.

"ಹೌದು ಯಜಮಾನ್ರೇ. ಕೆಂಪು, ನೀಲಿ ಎರಡನ್ನೂ ನೋಡ್ತಿದೀನಿ. ಹಬ್ಬದೊಳಗೆ ಒಂದನ್ನ ಹಿಡೀಬೇಕು."

"ಒಂದನ್ನೇ?"

"ಎರಡನ್ನೂ ಹಿಡಿಯೋಕೆ ನನ್ನಿಂದಾಗುತ್ತಾ? ಯಾವುದ್ರಲ್ಲಿ ದುಡ್ಡು ಜಾಸ್ತಿ ಇದೆಯೋ ಅದನ್ನ ಹಿಡಿಯೋದು. ಇನ್ನೊಂದನ್ನ ಬಿಟ್ಬಿಡ್ತೀನಿ."

ಸು ಯಜಮಾನರು ಚಹಾ ಕುಡಿಯದೆ ಎದ್ದರು. "ನಮ್ಮ ವಾರ್ಡಿನವರು ಸಾಧು ಜನ. ನಿಮ್ಮ ಮನಸ್ಸಲ್ಲಿರ್ಲಿ" ಎಂದು ಬಗ್ಗಿ ನಮಸ್ಕಾರ ಮಾಡಿ ಹೋದರು. ಅವರು ಚುನಾವಣೆಯ ಹೊತ್ತಿನಲ್ಲಿ ಮಾತ್ರ ಹಾಗೆ ಬಗ್ಗುತ್ತಿದ್ದರು.

ಒಂದು ಕಂಪನಿಯವರನ್ನು ಮಾತ್ರ ಹಿಡಿಯುತ್ತಾರಂತೆ, ದುಡ್ಡು ಜಾಸ್ತಿ ಇರುವವರನ್ನಂತೆ ಎಂಬ ಸುದ್ದಿ ಸ್ಟೇಷನ್ನಿನ ಹಿಂಬದಿಗೆ ಆ-ಫಾನ ಸ್ಕೂಟರಿಗಿಂತ ಮೊದಲು ಮುಟ್ಟಿತು. ಆ-ಫಾ ಎರಡನೆಯ ಸಲ ಅಲ್ಲಿಗೆ ಹೋದಾಗ ಕೆಂಪಿನವರೆಲ್ಲ ಅವನನ್ನು ಸುತ್ತುವರಿದರು.

"ನಮ್ದು ಬಿಡಿ ಸಾರ್. ಆ ನೀಲಿಯವರನ್ನ ನೋಡಿ" ಎಂದ ಯೆನ್-ತಿಂಗ್. "ಪಿಂಗ್ ಅಣ್ಣ ಮೊನ್ನೆ ಹಲ್ಲು ಕಟ್ಟಿಸ್ಕೊಂಡ್ರು. ಪೂರಾ ಮೇಲಿನ ಸಾಲು. ಎಲ್ಲಿಂದ ಬಂತು ಕೇಳಿ. ದಿನಕ್ಕೆ ನಾಲ್ಕು ಸಾವಿರ ಮುಟ್ಟದೆ ಮನೆಗೆ ಹೋಗಲ್ಲ ಅವರು."

ಆ-ಫಾ ಒತ್ತಿದ. ಅಂಕಿಯನ್ನು ಒಳಗಿನ ಹೆಂಗಸು ಸ್ಟೇಷನ್ನಿಗೆಲ್ಲ ಕೇಳುವಂತೆ ಕೂಗಿದಳು.

ಪಿಂಗ್ ಅಣ್ಣ ಹೊಸ ಹಲ್ಲು ಮುಚ್ಚಿಕೊಂಡೇ ಉತ್ತರ ಕೊಟ್ಟ. "ಈ ಹುಡುಗ ಹೇಳ್ತಾನೆ. ಇವನ ಸ್ಕೂಟರಿನ ಕನ್ನಡಿ ನೋಡಿ ಸಾರ್. ಅಂಥ ಕನ್ನಡಿ ಡಾಕ್ಟರ ಕಾರಿಗೂ ಇಲ್ಲ. ಕೆಂಪಿನವರಿಗೂ ನಾಲ್ಕು ಸಾವಿರಕ್ಕೆ ಕಮ್ಮಿ ಇಲ್ಲ. ಮಳೆ ಬಂದ್ರೆ ಲೆಕ್ಕಾನೇ ಇಲ್ಲ."

ಹೀಗೆ ಕೆಂಪಿನವರ ಪ್ರಕಾರ ಕೆಂಪಿನಲ್ಲಿ ಏನೂ ಇಲ್ಲ, ನೀಲಿಯವರ ಪ್ರಕಾರ ಕೆಂಪಿನಲ್ಲಿ ರಾಶಿ. ನೀಲಿಯದ್ದೂ ಅದೇ ಕಥೆ. ನಾನಾಗಿದ್ದರೆ ಕ್ಯಾಲ್ಕುಲೇಟರನ್ನು ಕಾಲುವೆಗೆ ಎಸೆದು ಮನೆಗೆ ಬರುತ್ತಿದ್ದೆ. ಆ-ಫಾ ಸೊನ್ನೆಯನ್ನೂ ರಾಶಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದ. ಬಂದ ಉತ್ತರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಒಂದೇ ಬಂದದ್ದರಿಂದ ಅವನಿಗೆ ಆರಿಸಲು ಆಗಲಿಲ್ಲ. ಹಬ್ಬಕ್ಕೆ ಇನ್ನು ಒಂದೇ ದಿನ ಉಳಿದಿತ್ತು.

ಕೊನೆಗೆ ಓಣಿಯ ಮೂಲೆಯ ಭೂದೇವರ ಗುಡಿಗೆ ಹೋದ. ಅಲ್ಲಿ ಅರ್ಧಚಂದ್ರದ ಎರಡು ಮರದ ತುಂಡು ಎಸೆದು ದೇವರನ್ನು ಕೇಳುವುದು ನಮ್ಮ ಕ್ರಮ. ಒಂದು ಅಂಗಾತ, ಒಂದು ಮಗುಚಿ ಬಿದ್ದರೆ ಹೌದು. ಎರಡೂ ಮಗುಚಿದರೆ ಅಲ್ಲ. ಎರಡೂ ಅಂಗಾತ ಬಿದ್ದರೆ ದೇವರು ನಗುತ್ತಿದ್ದಾನೆ ಎಂದರ್ಥ. ಕೆಂಪು ಪೆಟ್ಟಿಗೆಯೇ ಎಂದು ಎಸೆದ. ದೇವರು ನಕ್ಕ. ನೀಲಿಯೇ ಎಂದು ಎಸೆದ. ಮತ್ತೆ ನಕ್ಕ. ಆ-ಫಾ ತನ್ನ ವಿಳಾಸ, ಹುಟ್ಟಿದ ದಿನ ಎಲ್ಲ ಹೇಳಿಕೊಂಡು, ಪ್ರಶ್ನೆ ವಿವರಿಸಿ, ಇನ್ನೊಮ್ಮೆ ಎಸೆದ. ದೇವರಿಗೆ ನಗು ತಡೆಯಲಾಗಲಿಲ್ಲ. ಗುಡಿಯ ಮುಂದೆ ಚದುರಂಗ ಆಡುತ್ತಿದ್ದ ಮುದುಕರು ಗಾಬರಿಯಿಂದ ಎದ್ದು ನಿಂತರು. ಸರ್ಕಾರದ ಮನುಷ್ಯ ಬಂದು ಏನು ಕೇಳಿದ್ದಕ್ಕೆ ದೇವರು ಹೀಗೆ ನಗುತ್ತಿದ್ದಾನೋ ಎಂದು ಅವರಿಗೆ ತಿಳಿಯಲಿಲ್ಲ.

ಹಬ್ಬದ ಸಂಜೆ ಬಂತು. ಓಣಿಯ ಉದ್ದಕ್ಕೂ ಮನೆಯ ಮುಂದೆ ಕೆಂಡದ ಒಲೆಗಳು, ಹೊಗೆ, ಮಾಂಸ ಸುಡುವ ವಾಸನೆ. ಮಕ್ಕಳು ಚಕ್ಕೋತದ ಸಿಪ್ಪೆಯನ್ನು ಟೋಪಿ ಮಾಡಿ ಹಾಕಿಕೊಂಡು ಓಡಾಡುತ್ತಿದ್ದರು. ಯಾವುದೋ ಮಗು ಆ-ಫಾನ ತಲೆಗೂ ಒಂದು ಹಾಕಿತು. ತೆಗೆಯುವಷ್ಟು ಚೈತನ್ಯ ಅವನಲ್ಲಿ ಇರಲಿಲ್ಲ. ಬಿಳಿ ಅಂಗಿ, ಹಸಿರು ಟೋಪಿ, ಕಾಲಲ್ಲಿ ಆಗಲೇ ರಬ್ಬರ್ ಬೂಟು. ಪಕ್ಕದಲ್ಲಿ ಗಂಟು ಕಟ್ಟಿದ ಬಟ್ಟೆ.

ಪಿಕಪ್ ಬಂದು ನಿಂತಿತು. ಕುನ್-ಶೆಂಗ್ ಇಳಿದರು. ಬಗಲಲ್ಲಿ ಬುಟ್ಟಿ, ಬುಟ್ಟಿಯಿಂದ ಹೊರಗೆ ಚಾಚಿದ ಒಂದು ಕುತ್ತಿಗೆ.

"ಇದನ್ನ ಮುಂದುಗಡೆ ನಿನ್ ತೊಡೆ ಮೇಲೆ ಇಟ್ಕೋ ಭಾವಾ. ದಾರೀಲೇ ಪರಿಚಯ ಆಗ್ಲಿ" ಎಂದರು.

ಹೆಬ್ಬಾತು ಆ-ಫಾನನ್ನು ನೋಡಿ ಬುಸ್ ಎಂದಿತು. ಅದಕ್ಕೆ ಹಳೆಯ ವಿಷಯವೆಲ್ಲ ಗೊತ್ತಿದ್ದಂತಿತ್ತು. ಆ-ಫಾ ಬೆಂಚಿನ ಮೇಲೆ ಹತ್ತಿ ನಿಂತ.

ಕುನ್-ಶೆಂಗ್ ಸುಟ್ಟ ಮೀನಿನ ತುಂಡು ಬಾಯಿಗಿಟ್ಟುಕೊಂಡು ಓಣಿಗೆಲ್ಲ ಕೇಳುವಂತೆ ಶುರುಮಾಡಿದರು. "ಈ ವರ್ಷ ಏನ್ ವ್ಯಾಪಾರ ಅಂತೀರಿ. ಪಿಕಪ್ ಹೊಸದು. ಇನ್ನೊಂದು ಕೊಳ ತೋಡಿಸ್ತಿದೀನಿ. ಎಲ್ಲ ಕೈಗೆ ಕೈ ದುಡ್ಡು, ಬಿಲ್ಲು ಗಿಲ್ಲು ಏನೂ ಇಲ್ಲ. ಈ ಭಾವನ ಹಾಗೆ ಅಂಕಿ ಎಣಿಸ್ಕೊಂಡು ಕೂತಿದ್ರೆ ಆಗ್ತಿತ್ತಾ?"

ಪ್ರತಿ ಹಬ್ಬಕ್ಕೂ ಅವರ ಹೆಬ್ಬಾತು ಹೆಚ್ಚುತ್ತಿದ್ದವು, ಕೊಳ ಹಿಗ್ಗುತ್ತಿತ್ತು. ನಮಗೆ ಅಭ್ಯಾಸವಾಗಿತ್ತು. ಆದರೆ ಈ ಸಲ ಓಣಿಯಲ್ಲಿ ಯಾರೂ ನಗಲಿಲ್ಲ. ಮಾಂಸ ತಿರುಗಿಸುತ್ತಿದ್ದ ಕೈಗಳು ನಿಂತವು. ಸು ಯಜಮಾನರು ಅವರ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ಸ್ವಲ್ಪ ಮೆತ್ತಗೆ ಮಾತಾಡಿ ಮಾರಾಯ್ರೇ. ಅವರು ಯಾರು ಅಂತ ನಿಮಗೆ ಗೊತ್ತಿಲ್ವಾ?"

"ಯಾರು? ನಮ್ಮ ಭಾವ."

"ನಿಮಗೆ ಭಾವ. ಉಳಿದೋರಿಗೆ ತೆರಿಗೆ ಸಾಹೇಬ್ರು."

ಕುನ್-ಶೆಂಗ್ ತಿರುಗಿ ನೋಡಿದರು. ಬೆಂಚಿನ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಚಕ್ಕೋತದ ಟೋಪಿ ಹಾಕಿಕೊಂಡು ಆ-ಫಾ ನಿಂತಿದ್ದ. ಅದೇ ಹೊತ್ತಿಗೆ ಸರಿಯಾಗಿ ಓಣಿಯ ಆ ತುದಿಯಿಂದ ಯೂ-ಚೂ, ಅವಳ ಮಗಳು, ಪಿಂಗ್ ಅಣ್ಣ, ಯೆನ್-ತಿಂಗ್ ಎಲ್ಲರೂ ಒಂದೊಂದು ಚಕ್ಕೋತ ಎರಡೂ ಕೈಯಲ್ಲಿ ಹಿಡಿದು ಬಂದು, "ಹಬ್ಬದ ಶುಭಾಶಯ ಸಾಹೇಬ್ರೇ" ಎಂದು ಬೆಂಚಿನ ಮುಂದೆ ಸಾಲಾಗಿ ಬಗ್ಗಿದರು. ಕುನ್-ಶೆಂಗರ ಗಂಟಲಲ್ಲಿ ಮೀನು ಸಿಕ್ಕಿಕೊಂಡಿತು.

ಆ-ಫಾ ಇದ್ಯಾವುದನ್ನೂ ಗಮನಿಸಿರಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಯೋಚನೆ ಓಡುತ್ತಿತ್ತು. ಸಾಯುವ ಮುಂಚೆಯೂ ಹೋಲಿಸಿ ನೋಡುವ ಮನುಷ್ಯ. "ಭಾವ, ಕೆಂಪು, ನೀಲಿ ಎರಡರ ಲೆಕ್ಕಾನೂ ಇದೆ ನನ್ಹತ್ರ. ನಿಮ್ದೊಂದು ಸೇರಿಸ್ಕೊಂಡ್ರೆ ಮೂರೂ ಪಕ್ಕಪಕ್ಕ ಇಟ್ಟು ನೋಡಬಹುದು. ಫಾರ್ಮಿನ ಆದಾಯ ಎಷ್ಟು? ನಿಜ ಹೇಳಿ" ಎಂದು ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡ.

"ಆದಾಯಾನಾ?" ಎಂದರು ಕುನ್-ಶೆಂಗ್. ಅವರ ಧ್ವನಿ ಸಣ್ಣದಾಗಿತ್ತು. "ಎಲ್ಲಿಯ ಆದಾಯ ಭಾವಾ. ಹೆಬ್ಬಾತು ತಿನ್ನೋದೇ ಜಾಸ್ತಿ, ಕೊಡೋದು ಕಮ್ಮಿ."

"ಪಿಕಪ್?"

"ಪಕ್ಕದ ಮನೆಯವರ್ದು. ನಾಳೆ ಬೆಳಿಗ್ಗೆ ವಾಪಸ್ ಕೊಡ್ಬೇಕು."

"ಹೊಸ ಕೊಳ?"

"ಅದು ಗುಂಡಿ. ಮಳೆಗೆ ಬಿತ್ತು."

"ಹಂಗಾದ್ರೆ ಎಷ್ಟು ಅಂತ ಒತ್ಲಿ?"

ಕುನ್-ಶೆಂಗ್ ಕೈ ಮುಗಿಯುವುದೊಂದು ಬಾಕಿ. ಆ-ಫಾ ಗೊಂದಲದಿಂದ ಹಳೆಯ ಅಂಕಿ ಅಳಿಸಿದ. "ಸೊನ್ನೆಗೆ ಬಂತು" ಎಂದು ಕ್ಯಾಲ್ಕುಲೇಟರ್ ಓಣಿಗೆಲ್ಲ ಸಾರಿತು.

"ಅದೇ, ಸರಿಯಾದ ಲೆಕ್ಕ ಅದು" ಎಂದರು ಕುನ್-ಶೆಂಗ್.

ಲೀ-ಶ್ಯಾ ಕೆಂಡ ಊದುವುದನ್ನು ಬಿಟ್ಟು ಬೀಸಣಿಗೆ ಹಿಡಿದೇ ಮುಂದೆ ಬಂದಳು. ಅವಳಿಗೆ ತೆರಿಗೆಯ ಕಥೆ ಗೊತ್ತಿರಲಿಲ್ಲ. ಅವಳಿಗೆ ಕಂಡದ್ದು ಒಂದು ಬಾಗಿಲು ಮಾತ್ರ, ಅದೂ ಅಣ್ಣ ತಾನೇ ತೆರೆದದ್ದು.

"ಅಣ್ಣ, ಹಂಗಾದ್ರೆ ಇವರಿಗೆ ಸಂಬಳ ಎಲ್ಲಿಂದ ಕೊಡ್ತಿದ್ದೆ?"

"ಅದನ್ನ ಹೇಳೋಕೇ ಬಂದೆ ಕಣಮ್ಮ. ಕೊಡೋಕಾಗಲ್ಲ. ಅವನು ಇಲ್ಲೇ ಇರ್ಲಿ."

"ಇನ್ನೊಂದ್ಸಲ ಹೇಳು. ಎಲ್ಲರೂ ಕೇಳಿಸ್ಕೊಳ್ಲಿ."

"ಇಲ್ಲೇ ಇರ್ಲಿ. ನನ್ ಫಾರ್ಮಿಗೆ ಆಳು ಬೇಡ."

ಆ-ಫಾ ಬೆಂಚಿನಿಂದ ಇಳಿದ. ಇಳಿದ ಅನ್ನುವುದಕ್ಕಿಂತ ಕುಸಿದ ಅನ್ನಬೇಕು. ಹೋದ ಜೀವ ಬಂದಂತಾಗಿ ಮುಖದ ಮೇಲೆ ನೀರಿಳಿಯುತ್ತಿತ್ತು. ಓಣಿಯವರ ಕಡೆ ತಿರುಗಿ, "ನಿಮ್ಮೆಲ್ಲರ ಋಣ ಮರೆಯಲ್ಲ. ಕೆಲಸ ಇಲ್ಲದವನು ಅಂತ ಮರುಕಪಟ್ಟು ಇಷ್ಟೊಂದು ಚಕ್ಕೋತ ಕೊಟ್ರಿ. ಕಸ ಹಾಕೋಕೆ ದಾರಿ ಬಿಟ್ರಿ. ಈಗ ನೆಮ್ಮದಿಯಾಗಿ ಯಾವ್ದಾದ್ರೂ ಪೆಟ್ಟಿಗೆ ಹೊತ್ಕೊಂಡು ಬದುಕ್ತೀನಿ" ಎಂದ.

ಬೆಂಚಿನ ಮುಂದೆ ಬಗ್ಗಿದ್ದವರೆಲ್ಲ ಒಬ್ಬೊಬ್ಬರಾಗಿ ನೆಟ್ಟಗಾದರು.

"ಕೆಲಸ ಇಲ್ಲ ಅಂದ್ರೆ" ಎಂದರು ಸು ಯಜಮಾನರು, "ನಿಜವಾಗ್ಲೂ ಇಲ್ವಾ?"

"ನಿಜವಾಗ್ಲೂ ಇಲ್ಲ ಯಜಮಾನ್ರೇ."

"ತೆರಿಗೆ ಕಚೇರೀಲೂ ಇಲ್ವಾ?"

"ಅಲ್ಲಿ ಯಾರ್ ಕೊಡ್ತಾರೆ ನನಗೆ?"

ಒಬ್ಬ ಮನುಷ್ಯನಿಗೆ ಕೆಲಸವಿಲ್ಲ ಎಂಬ ಸುದ್ದಿ ಇಷ್ಟು ಜನಕ್ಕೆ ಸಂತೋಷ ಕೊಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸೋಯಾ ಹಾಲಿನವನು ಕೂತ ಜಾಗದಲ್ಲೇ ನಗತೊಡಗಿದ. ಬೀಗದವನು ತಾನು ಕೊಟ್ಟ ಚೀಲದಿಂದ ಒಂದು ಚಕ್ಕೋತ ವಾಪಸ್ ತೆಗೆದುಕೊಂಡು ಸುಲಿದ. ಯೂ-ಚೂ ಅಲ್ಲಿಂದಲೇ ಅಂಗಡಿಗೆ ಫೋನ್ ಮಾಡಿ ಟೇಬಲ್ಲುಗಳನ್ನು ಹೊರಗೆ ಹಾಕಲು ಹೇಳಿದಳು. ನನ್ನ ಎದೆಯ ಮೇಲಿಂದಲೂ ಒಂದು ಕುರ್ಚಿ ಇಳಿಯಿತು. ಯೆನ್-ತಿಂಗ್ ಯೂ-ಚೂಳ ಮಗಳ ಕಡೆ ಬಾಗಿ, ಮಳೆ ಬಂದ ದಿನ ಮೂರು ಸಾವಿರ ಅಲ್ಲ, ಮೂರೂವರೆ ಎಂದ. ಅವಳು ಮೊದಲು ನಿನ್ನ ಅಮ್ಮನಿಗೆ ಪೆಟ್ರೋಲಿನ ದುಡ್ಡು ವಾಪಸ್ ಕೊಡು ಎಂದಳು.

ಕುನ್-ಶೆಂಗ್ ನಿಧಾನಕ್ಕೆ ಎದೆ ಉಬ್ಬಿಸಿದರು. "ಹಂಗಾದ್ರೆ ತೆರಿಗೆಯವನಲ್ಲ. ನಾನು ಸುಮ್ನೆ ತಮಾಷೆಗೆ ಹೇಳ್ದೆ. ಗಂಟು ಎತ್ಕೊ ಭಾವಾ, ಹೊರಡೋಣ."

"ದಿವಾಳಿ ಎದ್ದ ಫಾರ್ಮಿಗೆ ನನ್ ಗಂಡನ್ನ ಕಳಿಸಲ್ಲ" ಎಂದಳು ಲೀ-ಶ್ಯಾ. "ಲೆಕ್ಕ ಆಗೋಗಿದೆ. ಓಣಿಯವರೆಲ್ಲ ಕೇಳಿದಾರೆ. ನೀನು ಮಾಂಸ ತಿಂದು, ಪಕ್ಕದ ಮನೆಯವರ ಪಿಕಪ್ಪನ್ನ ಹೊತ್ತಿಗೆ ಸರಿಯಾಗಿ ವಾಪಸ್ ಕೊಡು." ಹೇಳುತ್ತ ಹೇಳುತ್ತಲೇ ಆ-ಫಾನ ಗಂಟನ್ನು ಎತ್ತಿ ಮನೆಯೊಳಗೆ ಎಸೆದಳು. ಆಮೇಲೆ ಅವಳೂ ಅತ್ತಳು. ಹೊಗೆ ಜಾಸ್ತಿ ಎಂದಳು.

ಎಲ್ಲ ಮುಗಿಯಿತು ಎನ್ನುವಾಗ ಆ-ಫಾ ಕಣ್ಣೊರೆಸಿಕೊಂಡು ಪಿಂಗ್ ಅಣ್ಣನ ಪಕ್ಕ ಕೂತ. "ಈಗಲಾದ್ರೂ ಹೇಳಿ ಅಣ್ಣ. ಕೆಂಪೋ ನೀಲಿಯೋ?"

ಪಿಂಗ್ ಅಣ್ಣ ಹೊಸ ಹಲ್ಲಿನಿಂದ ಸಾವಕಾಶವಾಗಿ ಜೋಳ ಕಚ್ಚಿದ. ಜೇಬಿನಿಂದ ಒಂದು ಫೋನ್ ತೆಗೆದು ಬೆಂಚಿನ ಮೇಲಿಟ್ಟ. ಇನ್ನೊಂದು ಜೇಬಿನಿಂದ ಇನ್ನೊಂದು. ಒಂದರಲ್ಲಿ ನೀಲಿ, ಒಂದರಲ್ಲಿ ಕೆಂಪು.

"ಎರಡೂ ಹಾಕ್ಕೊಂಡಿರ್ತೀವಿ ಕಣಯ್ಯ. ಯಾವ್ದು ಮೊದ್ಲು ಬಡ್ಕೊಳ್ಳುತ್ತೋ ಅದಕ್ಕೆ ಹೋಗ್ತೀವಿ. ಪೆಟ್ಟಿಗೆ ಬಣ್ಣ ನೋಡ್ಬೇಡ. ಇದು ನನ್ ಅಳಿಯನ ಪೆಟ್ಟಿಗೆ."

ಆ-ಫಾ ಬಹಳ ಹೊತ್ತು ಎರಡು ಫೋನುಗಳನ್ನು ನೋಡಿದ. ನಾನು ಗುಡಿಯ ದೇವರನ್ನು ನೆನೆಸಿಕೊಂಡೆ. ಪಾಪ, ಅವನಾದರೂ ಇನ್ನು ಹೇಗೆ ಹೇಳಬೇಕಿತ್ತು.

ಪಿಕಪ್ ಹೊರಟಾಗ ಹೆಬ್ಬಾತು ಕಿಟಕಿಯಿಂದ ಕುತ್ತಿಗೆ ಚಾಚಿ ಓಣಿಯ ತಿರುವಿನವರೆಗೂ ಆ-ಫಾನನ್ನೇ ನೋಡುತ್ತಿತ್ತು.

ಈಗ ಆ-ಫಾನ ಬೆನ್ನಿಗೆ ಕೆಂಪು ಪೆಟ್ಟಿಗೆ, ಎದೆಗೆ ಎರಡು ಫೋನು, ನಡುವೆ ಕ್ಯಾಲ್ಕುಲೇಟರ್. ಕರಿದ ಕೋಳಿ, ಸಬ್ಬಕ್ಕಿ ಮುತ್ತು ಹಾಕಿದ ಚಹಾ, ಯೂ-ಚೂಳ ಟರ್ಕಿ ಅನ್ನ, ಎಲ್ಲ ತಲುಪಿಸುತ್ತಾನೆ. ಹೆಬ್ಬಾತಿನ ಮಾಂಸದ ಆರ್ಡರ್ ಬಂದರೆ ಮಾತ್ರ ಪೆಟ್ಟಿಗೆಗೆ ಎರಡು ಸಲ ಬೀಗ ಹಾಕುತ್ತಾನೆ. ಸಪೂರವಾಗಿದ್ದಾನೆ, ಬಿಸಿಲಿಗೆ ಕಪ್ಪಾಗಿದ್ದಾನೆ, ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಅವರಿಬ್ಬರ ಜಗಳ ಮೊದಲಿನ ಹಾಗೇ ನನ್ನ ಅಂಗಡಿಗೆ ಕೇಳಿಸುತ್ತದೆ. ಅದು ಕೇಳಿಸದಿದ್ದ ದಿನ ನನಗೆ ನಿದ್ದೆ ಬರುವುದಿಲ್ಲ.

ಮೊನ್ನೆ ನನಗೆ ಮಧ್ಯಾಹ್ನದ ಊಟ ತಂದುಕೊಟ್ಟ. ಅಂಗಡಿಯಲ್ಲಿ ಒಬ್ಬ ಹೆಂಗಸು ನೊರೆಯ ಗೋಪುರ ಹೊತ್ತು, ಮುಖಕ್ಕೆ ಟವೆಲ್ ಮುಚ್ಚಿಕೊಂಡು ಕೂತಿದ್ದಳು.

"ಹೇಗಿದೆಯಪ್ಪ ಸಂಪಾದನೆ?" ಎಂದೆ.

ಅವನು ಮೊದಲು ಬಾಗಿಲ ಹೊರಗೆ ನೋಡಿದ. ಆಮೇಲೆ ಕುರ್ಚಿಯಲ್ಲಿದ್ದವಳ ಕಡೆ ನೋಡಿ, ಯೂ-ಚೂ ಎಂದುಕೊಂಡಿರಬೇಕು, ಎದೆ ಉಬ್ಬಿಸಿದ. "ಏನ್ ಹೇಳ್ಲಿ ಮಿನ್ ಅಕ್ಕ. ನಿನ್ನೆ ಮಳೆ ಬಂತಲ್ಲ, ಮೂರು ಸಾವಿರಕ್ಕೆ ಮೋಸ ಇಲ್ಲ."

ಟವೆಲ್ ಕೆಳಗಿನಿಂದ ಲೀ-ಶ್ಯಾಳ ಧ್ವನಿ ಬಂತು. "ನಿನ್ನೆ ಮನೇಲಿ ಪೆಟ್ರೋಲಿಗೂ ಸಾಲಲಿಲ್ಲ ಅಂದ್ರಲ್ಲ."

ಆ-ಫಾ ತಬ್ಬಿಬ್ಬಾಗಿ ಕ್ಯಾಲ್ಕುಲೇಟರ್ ಹಿಡಿದುಕೊಂಡ. ಹಿಡಿದ ರಭಸಕ್ಕೆ ಯಾವುದೋ ಗುಂಡಿ ಒತ್ತಿಹೋಯಿತು.

"ಸೊನ್ನೆಗೆ ಬಂತು" ಎಂದಳು ಒಳಗಿನ ಹೆಂಗಸು. ಹೊರಗಿನ ಹೆಂಗಸು ಟವೆಲ್ ತೆಗೆದು, ನೊರೆ ಸುರಿಯುತ್ತಿದ್ದರೂ ಲೆಕ್ಕಿಸದೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.